ಮೀಟರ್ ಬಾಗಿಲ ಹೊರಗಿದೆ

ನಮಸ್ಕಾರ. ಬೆಳಗ್ಗೆ ಏಳೂವರೆ ಆಗಿದೆ. ವಿಜಯಪುರ ಬಿಟ್ಟು ಅಥಣಿ ರಸ್ತೆ ಹಿಡಿದಿದ್ದೇನೆ. ತೊರವಿ ಈಗಷ್ಟೇ ದಾಟಿತು. ಗೋಳಗುಮ್ಮಟದ ಶಾಟ್ ಈ ಸಲ ಇಲ್ಲ. ಹಿಂದಿನ ವಿಡಿಯೋಗಳಲ್ಲಿ ಹಾಕಿ ಹಾಕಿ ನನಗೇ ಬೇಜಾರಾಗಿದೆ.

ತಿಕೋಟಾ ಹತ್ತಿರ ಬಂದಂತೆ ದ್ರಾಕ್ಷಿ ತೋಟ ಶುರು. ಮಾರ್ಚ್ ತಿಂಗಳು. ಶೆಡ್‌ಗಳಲ್ಲಿ ಬಲೆಯ ಮೇಲೆ ಹಣ್ಣು ಒಣಗುತ್ತಿದೆ, ನೋಡಿ. ಒಣದ್ರಾಕ್ಷಿ. ನಮ್ಮ ಕಡೆ ಮಣೂಕ ಅಂತಾರೆ. ಒಳ್ಳೆ ದರ ಬರುವ ತನಕ ರೈತರು ಇದನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಾರೆ. ಅಂಥ ಒಂದು ಕೋಲ್ಡ್ ಸ್ಟೋರೇಜ್‌ನ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅದು ಕೆಟ್ಟರೆ ಹೊರಗಿನಿಂದಲೇ ತಿಳಿಯುವುದು ಹೇಗೆ, ಅದೇ ಇವತ್ತಿನ ವಿಷಯ.

ಸರ್ವರ್ ಅಂದ ಕೂಡಲೇ ಏನೇನೋ ಊಹಿಸಬೇಡಿ. ಆಫೀಸಿನ ಮೂಲೆ, ತಿಜೋರಿ ಪಕ್ಕ, ಮೇಲೆ ಲಕ್ಷ್ಮಿ ಫೋಟೋ, ಕೆಳಗೆ ಒಂದು ಡಬ್ಬಿ. ಅದರಲ್ಲಿ ವಿಂಡೋಸ್ ಸರ್ವರ್. ಅದರ ಮೇಲೆ ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್, ಎಸ್‌ಕ್ಯೂಎಲ್ ಸರ್ವರ್ 2019, ದುಡ್ಡು ಕೊಡದೆ ಸಿಗುವ ಎಕ್ಸ್‌ಪ್ರೆಸ್ ಎಡಿಷನ್. ಯಾರ ಬಾಕ್ಸ್ ಯಾವ ಚೇಂಬರ್‌ನಲ್ಲಿದೆ, ಬಾಡಿಗೆ ಎಷ್ಟಾಯಿತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಎಲ್ಲ ಅದರಲ್ಲೇ.

ಈಗ ನೀವು ನೋಡುತ್ತಿರುವವರು ವಾಚ್‌ಮನ್ ಕಾಕಾ. ಎರಡು ಗಂಟೆಗೊಮ್ಮೆ ಪ್ರತಿ ಚೇಂಬರ್ ಮುಂದೆ ನಿಲ್ಲುತ್ತಾರೆ. ಬಾಗಿಲ ಪಕ್ಕದ ಮೀಟರ್ ನೋಡಿ ರಿಜಿಸ್ಟರ್‌ನಲ್ಲಿ ಡಿಗ್ರಿ ಬರೆಯುತ್ತಾರೆ. ಬಾಗಿಲು ಮಾತ್ರ ತೆಗೆಯುವುದಿಲ್ಲ. ಮೀಟರ್ ಯಾಕೆ ಹೊರಗಿದೆ ಅಂತ ಒಮ್ಮೆ ಕೇಳಿದ್ದೆ. "ಒಳಗಿದ್ರ ನೋಡಾಕ ಬಾಗಲಾ ತಗೀಬೇಕಲ್ರಿ ಅಕ್ಕಾರ. ಬಾಗಲಾ ಜಾಮ್ ಆದ ದಿನ ಏನ ಮಾಡೂದು?" ಅಂದರು.

ಆ ಮಾತು ನನಗೆ ಸರಿಯಾಗಿ ತಿಳಿದದ್ದು ಹೋದ ವರ್ಷ. ಇದೇ ಸೀಸನ್. ಮಧ್ಯಾಹ್ನ ಊಟಕ್ಕೆ ಕೂತು ರೊಟ್ಟಿ ಮುರಿದಿದ್ದೆ ಅಷ್ಟೇ, ಫೋನ್ ಬಂತು. ಕ್ಲರ್ಕ್ ಹುಡುಗ. "ಅಕ್ಕಾರ, ಬಿಲ್ಲ ಬರವಲ್ದರಿ. ಗೇಟಿನ್ಯಾಗ ಹನ್ನೊಂದು ಗಾಡಿ ನಿಂತಾವ."

ಬಂದು ನೋಡಿದರೆ ಡಿಸ್ಕ್ ತುಂಬಿತ್ತು. ಪೂರ್ತಿ. ಡೇಟಾ ಫೈಲ್ ಬರೀ 4 ಜಿಬಿ. ಅದರ ಟ್ರಾನ್ಸಾಕ್ಷನ್ ಲಾಗ್ ಫೈಲ್, ಅಂದರೆ ಪ್ರತಿ ಬದಲಾವಣೆಯನ್ನೂ ಬರೆದಿಡುವ ಫೈಲ್, 190 ಜಿಬಿ! ಎಸ್‌ಕ್ಯೂಎಲ್ ಸರ್ವರ್‌ನ ಎರರ್ ಲಾಗ್ ತೆರೆದೆ. 9002 ಅಂತ ಸಾಲು ಸಾಲು, ಅಂದರೆ ಲಾಗ್ ತುಂಬಿದೆ. ಪಕ್ಕದಲ್ಲೇ ಆಪರೇಟಿಂಗ್ ಸಿಸ್ಟಮ್ ಎರರ್ 112, ಅಂದರೆ ಡಿಸ್ಕ್‌ನಲ್ಲಿ ಜಾಗವಿಲ್ಲ.

ಹೇಗಾಯಿತು? ಎಕ್ಸ್‌ಪ್ರೆಸ್ 2019ರಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವ ಹಾಗಿಲ್ಲ. ಆದರೆ ಆ ಮಿತಿ ಡೇಟಾ ಫೈಲ್‌ಗೆ ಮಾತ್ರ. ಲಾಗ್‌ಗೆ ಲಗಾಮಿಲ್ಲ. ಎಕ್ಸ್‌ಪ್ರೆಸ್‌ನಲ್ಲಿ ಹೊಸದಾಗಿ ಡೇಟಾಬೇಸ್ ಮಾಡಿದರೆ ರಿಕವರಿ ಮಾಡೆಲ್, ಅಂದರೆ ಲಾಗ್ ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು ಅನ್ನುವ ಸೆಟ್ಟಿಂಗ್, ಸಿಂಪಲ್ ಇರುತ್ತದೆ, ಲಾಗ್ ತಾನೇ ಖಾಲಿಯಾಗುತ್ತಿರುತ್ತದೆ. ಇಲ್ಲಿ ಸಾಫ್ಟ್‌ವೇರ್ ಕೊಟ್ಟವರು ಬೇರೆ ಸರ್ವರ್‌ನ ಬ್ಯಾಕಪ್ ತಂದು ರಿಸ್ಟೋರ್ ಮಾಡಿದ್ದರು. ಅದರ ಜೊತೆಗೆ ಫುಲ್ ರಿಕವರಿಯೂ ಬಂತು. ಅದರಲ್ಲಿ ಲಾಗ್ ತಾನೇ ಖಾಲಿಯಾಗುವುದಿಲ್ಲ. ರಾತ್ರಿ ಫುಲ್ ಬ್ಯಾಕಪ್ ಆಗುತ್ತಿತ್ತು, ಸರಿ. ಅದರಿಂದ ಲಾಗ್ ಖಾಲಿಯಾಗುವುದಿಲ್ಲ. ಅದಕ್ಕೆ ಲಾಗ್ ಬ್ಯಾಕಪ್ಪೇ ಬೇಕು. ಅದನ್ನು ಯಾರೂ ಇಟ್ಟಿರಲಿಲ್ಲ. ನಾನೂ ನೋಡಿರಲಿಲ್ಲ, ಅದು ನನ್ನ ತಪ್ಪು.

ಇದಕ್ಕಿಂತ ತಮಾಷೆ ಇನ್ನೊಂದಿದೆ. ಆ ಸಾಫ್ಟ್‌ವೇರ್‌ನಲ್ಲಿ ಹೆಲ್ತ್ ರಿಪೋರ್ಟ್ ಅಂತ ಒಂದು ಪುಟ ಇತ್ತು. ಹಸಿರು ಬಟನ್, ದಿನಾಂಕ, ಎಲ್ಲ ಚೆಂದ. ಆ ರಿಪೋರ್ಟ್ ಬರೆಯುತ್ತಿದ್ದದ್ದು ಎಲ್ಲಿಗೆ? ಅದೇ ಡೇಟಾಬೇಸ್‌ನ ಒಂದು ಟೇಬಲ್‌ಗೆ! ಡಿಸ್ಕ್ ತುಂಬಿದ ಮೇಲೆ ಹೊಸ ಸಾಲು ಬರೆಯಲು ಆಗಲಿಲ್ಲ. ಹಾಗಾಗಿ ಪುಟದಲ್ಲಿ ಬೆಳಗಿನ ಹಸಿರು ಹಾಗೇ ಉಳಿದಿತ್ತು. ಮೀಟರ್ ಚೇಂಬರ್ ಒಳಗಿತ್ತು, ಬಾಗಿಲು ಜಾಮ್ ಆಗಿತ್ತು.

ಅವತ್ತು ಗಾಡಿಗಳು ಕಾಯುತ್ತಿದ್ದವು. ಮೊದಲು ಹಳೆಯ ಫೈಲ್ ಅಳಿಸಿ ಸ್ವಲ್ಪ ಜಾಗ ಮಾಡಿದೆ. ಸಿಂಪಲ್‌ಗೆ ಬದಲಿಸಿ, ಲಾಗ್ ಕುಗ್ಗಿಸಿ, ಮತ್ತೆ ಫುಲ್‌ಗೆ ತಂದು, ಕೂಡಲೇ ಒಂದು ಫುಲ್ ಬ್ಯಾಕಪ್ ತೆಗೆದೆ. ಇದು ಮಾದರಿ ಕೆಲಸವಲ್ಲ. ಹೀಗೆ ಮಾಡಿದರೆ ಲಾಗ್ ಬ್ಯಾಕಪ್‌ನ ಸರಪಳಿ, ಅಂದರೆ ಒಂದರ ಹಿಂದೊಂದು ಜೋಡಿಸಿ ಡೇಟಾ ಮರಳಿ ತರುವ ಸಾಲು, ಅಲ್ಲಿಗೇ ತುಂಡಾಗುತ್ತದೆ. ನಮ್ಮಲ್ಲಿ ಸರಪಳಿಯೇ ಇರಲಿಲ್ಲವಲ್ಲ, ಕಳೆದುಕೊಳ್ಳಲು ಏನೂ ಇರಲಿಲ್ಲ. ಈಗ ಗಂಟೆಗೊಮ್ಮೆ ಲಾಗ್ ಬ್ಯಾಕಪ್ ಬೇರೆ ಡಿಸ್ಕ್‌ಗೆ ಹೋಗುತ್ತದೆ.

ಆಮೇಲೆ ಮೀಟರ್ ಹೊರಗೆ ಹಾಕಿದೆ. ಅದೇ ಇವತ್ತಿನ ವಿಡಿಯೋ.

ವಿಂಡೋಸ್‌ನಲ್ಲಿ ಡಬ್ಲ್ಯೂಎಂಐ ಅಂತ ಒಂದು ವ್ಯವಸ್ಥೆ ಇದೆ. ವಿಂಡೋಸ್ ಮ್ಯಾನೇಜ್‌ಮೆಂಟ್ ಇನ್‌ಸ್ಟ್ರುಮೆಂಟೇಶನ್. ವಿಂಡೋಸ್ 2000ದಿಂದ ಒಳಗೇ ಬರುತ್ತಿದೆ, ಬೇರೆ ಏನೂ ಕೊಳ್ಳಬೇಕಿಲ್ಲ. ಡಿಸ್ಕ್, ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ), ಮೆಮೊರಿ, ಪ್ರಿಂಟರ್, ಪ್ರತಿಯೊಂದಕ್ಕೂ ಒಂದು ಕ್ಲಾಸ್, ಅಂದರೆ ಅದರ ಮಾಹಿತಿಯ ಒಂದು ಪಟ್ಟಿ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆಯ ಥರವೇ ಸೆಲೆಕ್ಟ್ ಬರೆದು ಕೇಳಬಹುದು. ಆ ಭಾಷೆಗೆ ಡಬ್ಲ್ಯೂಕ್ಯೂಎಲ್ ಅನ್ನುತ್ತಾರೆ. ಮುಖ್ಯ ಏನಪ್ಪಾ ಅಂದರೆ, ಉತ್ತರ ಕೊಡುವುದು ವಿಂಡೋಸ್. ಡೇಟಾಬೇಸ್ ಮಲಗಿದ್ದರೂ ಉತ್ತರ ಬರುತ್ತದೆ.

ನಾನು ಪವರ್‌ಶೆಲ್‌ನಿಂದ, ಅಂದರೆ ವಿಂಡೋಸ್‌ಗೆ ಕಮಾಂಡ್ ಬರೆದು ಕೊಡುವ ಜಾಗದಿಂದ, ಕೇಳುತ್ತೇನೆ. ಕಮಾಂಡ್ ಪರದೆ ಮೇಲಿದೆ, ಗೆಟ್ ಸಿಮ್ ಇನ್‌ಸ್ಟನ್ಸ್. ಹಳೆಯ ಪಾಠಗಳಲ್ಲಿ ಗೆಟ್ ಡಬ್ಲ್ಯೂಎಂಐ ಆಬ್ಜೆಕ್ಟ್ ಇರುತ್ತದೆ. ಅದನ್ನು ಕಲಿಯಬೇಡಿ, ಹೊಸ ಪವರ್‌ಶೆಲ್‌ನಲ್ಲಿ ಅದು ಇಲ್ಲವೇ ಇಲ್ಲ.

ಮೊದಲ ಪ್ರಶ್ನೆ ಡಿಸ್ಕ್‌ಗೆ. ವಿನ್ 32 ಲಾಜಿಕಲ್ ಡಿಸ್ಕ್, ಡ್ರೈವ್ ಟೈಪ್ 3. ಮೂರು ಅಂದರೆ ಲೋಕಲ್ ಹಾರ್ಡ್ ಡಿಸ್ಕ್. ಪೆನ್‌ಡ್ರೈವ್, ಸಿಡಿ ಲೆಕ್ಕಕ್ಕೆ ಬರುವುದಿಲ್ಲ. ಖಾಲಿ ಜಾಗ 20 ಜಿಬಿಗಿಂತ ಕಡಿಮೆಯಾದರೆ ಮೆಸೇಜ್ ಬರಲಿ ಅಂತ ಬರೆದೆ. ಎರಡು ವಾರ ಮೆಸೇಜೇ ಇಲ್ಲ. ಖುಷಿಯಲ್ಲಿದ್ದೆ. ಒಂದು ದಿನ ಅನುಮಾನ ಬಂದು, ಬೇಕಂತಲೇ ದೊಡ್ಡ ಫೈಲ್ ಹಾಕಿ ಡಿಸ್ಕ್ ಬಹುಪಾಲು ತುಂಬಿಸಿದೆ. ಆಗಲೂ ಇಲ್ಲ! ಆಮೇಲೆ ಗೊತ್ತಾಯಿತು. ಡಬ್ಲ್ಯೂಎಂಐ ಖಾಲಿ ಜಾಗವನ್ನು ಬೈಟ್‌ಗಳಲ್ಲಿ ಹೇಳುತ್ತದೆ. ನಾನು ಸುಮ್ನೆ 20 ಅಂತ ಬರೆದಿದ್ದೆ. ಅಂದರೆ ಬರೀ 20 ಬೈಟ್ ಉಳಿದಾಗ ನನಗೆ ಹೇಳು ಅಂತ ಕೇಳಿದ್ದೆ. ನಗಬೇಡಿ. ಅಲಾರಂ ಹಾಕಿದ ಮೇಲೆ ಒಂದು ಸಲ ಬೇಕಂತಲೇ ಅದನ್ನು ಕೂಗಿಸಿ ನೋಡಿ. ಇನ್ನೂ ಒಂದು ಮಾತು, ಖಾಲಿ ಮೆಮೊರಿ ಎಷ್ಟು ಅಂತ ಆಪರೇಟಿಂಗ್ ಸಿಸ್ಟಮ್‌ನ ಕ್ಲಾಸ್ ಕೇಳಿದರೆ ಅದು ಕಿಲೋಬೈಟ್‌ಗಳಲ್ಲಿ ಹೇಳುತ್ತದೆ. ಯಾರು ಹೀಗೆ ಇಟ್ಟರೋ.

ಮೆಮೊರಿ ಅಂದಾಗ ನೆನಪಾಯಿತು. ಜಮಖಂಡಿ ಕಡೆ ಒಂದು ಕಾರ್ಖಾನೆಯಲ್ಲಿ ಎಸ್‌ಕ್ಯೂಎಲ್ ಸರ್ವರ್‌ನ ಸ್ಟ್ಯಾಂಡರ್ಡ್ ಎಡಿಷನ್ ಇದೆ. ಅಲ್ಲಿ ಮೆಮೊರಿ ಕಡಿಮೆಯಾದರೆ ಅಲಾರಂ ಅಂತ ಇಟ್ಟೆ. ದಿನವೂ ರಾತ್ರಿ ಕೂಗು. ತೊಂದರೆ ಏನೂ ಇರಲಿಲ್ಲ. ಎಸ್‌ಕ್ಯೂಎಲ್ ಸರ್ವರ್ ಓದಿದ ಡೇಟಾವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಮಿತಿ ಹಾಕದಿದ್ದರೆ ಸಿಕ್ಕಷ್ಟೂ ತೆಗೆದುಕೊಳ್ಳುತ್ತದೆ, ಅದು ಅದರ ಸ್ವಭಾವ. ಮ್ಯಾಕ್ಸ್ ಸರ್ವರ್ ಮೆಮೊರಿ ಸೆಟ್ ಮಾಡಿ, ಆ ಅಲಾರಂ ತೆಗೆದೆ. ದಿನಾ ಸುಳ್ಳು ಕೂಗಿದರೆ ಮೂರನೇ ದಿನ ನಾವು ಫೋನ್ ನೋಡುವುದನ್ನೇ ಬಿಡುತ್ತೇವೆ.

ಮತ್ತೆ ಕೋಲ್ಡ್ ಸ್ಟೋರೇಜ್‌ಗೆ ಬನ್ನಿ. ಇಲ್ಲಿ ರಾತ್ರಿ ಕರೆಂಟ್ ಹೋಗುತ್ತದೆ. ಜನರೇಟರ್ ಮೊದಲು ಚೇಂಬರ್‌ಗೆ, ಅದು ನ್ಯಾಯವೇ. ಯುಪಿಎಸ್ ಬ್ಯಾಟರಿ ಮುಗಿದರೆ ಸರ್ವರ್ ಬೀಳುತ್ತದೆ. ಕರೆಂಟ್ ಬಂದ ಮೇಲೆ ವಿಂಡೋಸ್ ಏಳುತ್ತದೆ. ಡೇಟಾಬೇಸ್ ಸರ್ವಿಸ್ ಕೆಲವು ಸಲ ಏಳುವುದಿಲ್ಲ. ಡಿಸ್ಕ್ ನಿಧಾನ ಇದ್ದು, 30 ಸೆಕೆಂಡ್‌ನಲ್ಲಿ ಸರ್ವಿಸ್ ಓಗೊಡದಿದ್ದರೆ ವಿಂಡೋಸ್ ಅದನ್ನು ಕೈಬಿಡುತ್ತದೆ. ಬರೀ ಪಿಂಗ್, ಅಂದರೆ ಇದ್ದೀಯಾ ಅಂತ ನೆಟ್‌ವರ್ಕ್‌ನಲ್ಲಿ ಕೂಗಿ ಕೇಳುವುದು, ಅಷ್ಟನ್ನೇ ನಂಬಿದರೆ ಇದು ಗೊತ್ತಾಗುವುದಿಲ್ಲ. ಪಿಂಗ್‌ಗೆ ಉತ್ತರ ಕೊಡುವುದು ವಿಂಡೋಸ್ ತಾನೇ, ಅದು ಎದ್ದು ಕೂತಿರುತ್ತದೆ. ಅದಕ್ಕೆ ವಿನ್ 32 ಸರ್ವಿಸ್ ಕ್ಲಾಸ್‌ನಲ್ಲಿ ನಮ್ಮ ಸರ್ವಿಸ್‌ನ ಹೆಸರು ಹಿಡಿದು ಕೇಳುತ್ತೇನೆ. ಸ್ಥಿತಿ ರನ್ನಿಂಗ್ ಇಲ್ಲದಿದ್ದರೆ ಮೆಸೇಜ್. ಆಟೋಮ್ಯಾಟಿಕ್ ಆಗಿ ಶುರುವಾಗಬೇಕಾದ ಎಲ್ಲ ಸರ್ವಿಸ್ ಕೇಳೋಣ ಅಂತ ಹೋದರೆ ಕೆಡುತ್ತೀರಿ. ವಿಂಡೋಸ್‌ನಲ್ಲಿ ಕೆಲವು ಬೇಕಾದಾಗ ಮಾತ್ರ ಎದ್ದು ಮತ್ತೆ ಮಲಗುತ್ತವೆ.

ಎಕ್ಸ್‌ಪ್ರೆಸ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ ಇರುವುದಿಲ್ಲ. ಅಂದರೆ ಕೆಲಸಕ್ಕೆ ಸಮಯ ಹಚ್ಚುವ ಭಾಗವೇ ಇಲ್ಲ. ಹಾಗಾಗಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಸ್ಕ್ರಿಪ್ಟ್ ಓಡಿಸುತ್ತೇನೆ. ಆದರೆ ಸರ್ವರ್‌ನಲ್ಲೇ ಓಡಿಸಿದರೆ, ಸರ್ವರ್ ಬಿದ್ದಾಗ ಹೇಳುವವರು ಯಾರು? ಕ್ಲರ್ಕ್ ಹುಡುಗನ ಹಳೇ ಪಿಸಿಗೆ ಆ ಕೆಲಸ ಕೊಟ್ಟೆ. ಅದು ಸರ್ವರ್‌ಗೆ ನೆಟ್‌ವರ್ಕ್ ಮೂಲಕ ಕೇಳುತ್ತದೆ. ಹಳೆಯ ದಾರಿಯಲ್ಲಿ 135ನೇ ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು ಅನ್ನಿ) ಜೊತೆಗೆ ಇನ್ನೂ ಸಾವಿರಾರು ಪೋರ್ಟ್‌ಗಳ ಒಂದು ಸಾಲನ್ನೇ ಫೈರ್‌ವಾಲ್‌ನಲ್ಲಿ ಬಿಡಬೇಕು. ದೂರದಿಂದ ವಿಂಡೋಸ್ ನೋಡಿಕೊಳ್ಳುವ ಹೊಸ ದಾರಿ ವಿನ್‌ಆರ್‌ಎಂ, ಅದರಲ್ಲಿ 5985 ಒಂದೇ ಸಾಕು. ಆಫೀಸಿನ ನೆಟ್‌ವರ್ಕ್ ಒಳಗೆ ಮಾತ್ರ. ಇದನ್ನು ಇಂಟರ್ನೆಟ್‌ಗೆ ತೆರೆದಿಟ್ಟೀರಿ, ಹುಷಾರ್.

ಹಳೇ ಪಿಸಿಯೂ ಬಿದ್ದರೆ? ನೆಟ್ಟೇ ಹೋದರೆ? ಅದಕ್ಕೆ ದಿನಾ ಬೆಳಗ್ಗೆ ಎಂಟಕ್ಕೆ ಒಂದು ಮೆಸೇಜ್ ಬರಲೇಬೇಕು ಅಂತ ಇಟ್ಟಿದ್ದೇನೆ. ಎಲ್ಲ ಸರಿ ಇದ್ದರೂ ಬರಬೇಕು. ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ಕಾಕಾನ ರಿಜಿಸ್ಟರ್‌ನಲ್ಲೂ ಹಾಗೇ ಅಲ್ವಾ? ಒಂದು ಸಾಲು ಖಾಲಿ ಬಿಟ್ಟರೆ ಮಾಲೀಕರು ಮೊದಲು ಕೇಳುವುದು ಅದನ್ನೇ.

ಎಂಟು ಗಂಟೆ. ಬಂತು ನೋಡಿ. ಸಿ ಡ್ರೈವ್ 171 ಜಿಬಿ ಖಾಲಿ, ಸರ್ವಿಸ್ ರನ್ನಿಂಗ್.

ಕಾಕಾ ಚಹಾ ತಂದರು. ಅಷ್ಟರಲ್ಲಿ ಒಳಗಿಂದ ಕೂಗು. "ಅಕ್ಕಾರ, ಪ್ರಿಂಟರಿನ್ಯಾಗ ಕಾಗದ ಸಿಕ್ಕೊಂಡೈತ್ರಿ!"

ಇದಕ್ಕೂ ಒಂದು ಕ್ಲಾಸ್ ಇದೆ, ವಿನ್ 32 ಪ್ರಿಂಟರ್. ಕಾಗದ ಸಿಕ್ಕಿಕೊಂಡರೆ ಅದರಲ್ಲಿ 8 ಅಂತ ಬರಬೇಕು. ಈ ಪ್ರಿಂಟರ್ ಮಾತ್ರ ಯಾವಾಗ ಕೇಳಿದರೂ 0 ಅನ್ನುತ್ತದೆ. ಸೊನ್ನೆ ಅಂದರೆ ಗೊತ್ತಿಲ್ಲ ಅಂತ. ತಡೀರಿ, ಕಾಗದ ತೆಗೆದು ಬರುತ್ತೇನೆ.