ಪಕ್ಕಪಕ್ಕ ಇಟ್ಟು ನೋಡಿ

ಕೇಳುಗರೇ, ನಮಸ್ಕಾರ.

ಗೋಡೆಗೆ ಪೇಂಟ್ ಆರಿಸಲು ಶೇಡ್ ಕಾರ್ಡ್ ಹಿಡಿದು ಕೂತಾಗ ಬೀಜ್, ಅಂದರೆ ತಿಳಿ ಮರಳಿನಂಥ ಬಣ್ಣಗಳೆಲ್ಲ ಒಂದೇ ಥರ ಕಾಣುತ್ತವೆ, ಅಲ್ವಾ? ಯಾವುದಾದರೇನು ಅಂತ ಒಂದರ ಮೇಲೆ ಬೆರಳಿಡುತ್ತೇವೆ. ಗೋಡೆ ತುಂಬ ಬಳಿದ ಮೇಲೆ ಅದೇ ಬಣ್ಣ ಬೇರೆಯಾಗಿಬಿಡುತ್ತದೆ.

ಶೆರ್ವಿನ್-ವಿಲಿಯಮ್ಸ್ ಅನ್ನುವ ಅಮೆರಿಕದ ಪೇಂಟ್ ಕಂಪನಿಯ ಎರಡು ಬಣ್ಣ ತೆಗೆದುಕೊಳ್ಳೋಣ. ಒಂದು ಆಕ್ಸೆಸಿಬಲ್ ಬೀಜ್, ಇನ್ನೊಂದು ಕಿಲಿಮ್ ಬೀಜ್. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅಂತ ಹೇಳುವ ಒಂದು ಅಂಕಿ ಇದೆ, ಎಲ್‌ಆರ್‌ವಿ ಅಂತ. ಕಡುಕಪ್ಪಿಗೆ 0, ಅಪ್ಪಟ ಬಿಳಿಗೆ 100. ಆಕ್ಸೆಸಿಬಲ್‌ಗೆ 58, ಕಿಲಿಮ್‌ಗೆ 57. ಅಂದರೆ ಎರಡೂ ವಾಪಸ್ ಕೊಡುವ ಬೆಳಕು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಒಳಗಿನ ಛಾಯೆಯಲ್ಲಿ.

ಎರಡನ್ನೂ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ಇಡಿ. ಒಂದು ನಿಮಿಷ ಸುಮ್ನೆ ನೋಡಿ. ಆಕ್ಸೆಸಿಬಲ್ ಮೆಲ್ಲಗೆ ಬೂದಿಯ ಕಡೆ ವಾಲುತ್ತದೆ. ಕಿಲಿಮ್‌ನಲ್ಲಿ ನಸುಗೆಂಪು ಮೇಲೆದ್ದು ಬರುತ್ತದೆ, ಬಿಸಿಲಲ್ಲಿ ನಡೆದು ಬಂದವರ ಕೆನ್ನೆಯ ಹಾಗೆ. ಒಂದೊಂದೇ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಪಕ್ಕದ ಬಣ್ಣ ಕಣ್ಣನ್ನು ಅಷ್ಟು ಬದಲಿಸುತ್ತದೆ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂದಿತ್ತು. ನೂಲಿನ ಬಣ್ಣದಲ್ಲಿ ತಪ್ಪಿಲ್ಲ, ಪಕ್ಕದ ನೂಲುಗಳಿಂದ ಹಾಗೆ ಕಾಣುತ್ತಿದೆ ಅಂತ ಕಂಡುಕೊಂಡವರು ರಸಾಯನ ವಿಜ್ಞಾನಿ ಶೆವ್ರಲ್.

ಆದ್ದರಿಂದಲೇ ಹಳೆಯ ಗೋಡೆಯ ಮೇಲೆ ನೇರವಾಗಿ ಸ್ಯಾಂಪಲ್ ಬಳಿಯಬೇಡಿ. ಹಳೆ ಬಣ್ಣ ಮೋಸ ಮಾಡುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ದೊಡ್ಡ ಬಿಳಿ ರಟ್ಟು ತೆಗೆದುಕೊಂಡು ಎರಡು ಕೋಟ್ ಹೊಡೆಯಿರಿ, ಸುತ್ತ ಅಂಚು ಬಿಳಿಯಾಗಿಯೇ ಇರಲಿ. ಪೂರ್ತಿ ಒಣಗಲಿ. ಹಸಿ ಪೇಂಟ್ ನೋಡಿ ತೀರ್ಮಾನ ಮಾಡಲೇಬೇಡಿ. ಆಮೇಲೆ ರಟ್ಟನ್ನು ಮೇಜಿನ ಮೇಲೆ ಮಲಗಿಸದೆ ಗೋಡೆಗೆ ಆನಿಸಿ ನಿಲ್ಲಿಸಿ. ಗೋಡೆ ನಿಂತಿರುತ್ತದಲ್ಲ, ಅದರ ಮೇಲೆ ಬೀಳುವ ಬೆಳಕೇ ಬೇರೆ.

ನೆಲ ಕೆಂಪು ಮರದ್ದಾಗಿದ್ದರೆ ಆ ಕೆಂಪೂ ಗೋಡೆಗೆ ಹತ್ತುತ್ತದೆ. ಅಲ್ಲಿ ಕಿಲಿಮ್ ಜಾಸ್ತಿಯಾಗುತ್ತದೆ, ನಾನಾದರೆ ಆಕ್ಸೆಸಿಬಲ್ ಆರಿಸುತ್ತೇನೆ. ಬಿಸಿಲೇ ಬಾರದ ಕೋಣೆಗೆ ಕಿಲಿಮ್ ಒಳ್ಳೆಯದು, ಇನ್ನೊಂದು ಅಲ್ಲಿ ಸಪ್ಪೆಯಾಗುತ್ತದೆ.

ಬಲ್ಬನ್ನೂ ಮರೆಯಬೇಡಿ. ಅದರ ಬೆಳಕು ಹಳದಿಯೋ ಬಿಳಿಯೋ ಅಂತ ಹೇಳುವ ಅಳತೆ ಕೆಲ್ವಿನ್. 2700 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಕಿಲಿಮ್ ಇನ್ನೂ ಕೆಂಪೇರುತ್ತದೆ. 6500ರ ಬಿಳಿ ಬೆಳಕಿನಲ್ಲಿ ಆಕ್ಸೆಸಿಬಲ್ ಬರೀ ಬೂದಿಯಾಗಿ ಕಾಣಬಹುದು. ನೀವು ಆ ಕೋಣೆಯಲ್ಲಿ ಹೆಚ್ಚು ಕೂರುವುದು ರಾತ್ರಿ ಹೊತ್ತಾದರೆ, ದೀಪ ಹಾಕಿದ ಮೇಲೆ ಯಾವ ರಟ್ಟು ಕಣ್ಣಿಗೆ ಹಿತವೋ ಆ ಬಣ್ಣವನ್ನೇ ತನ್ನಿ.

ನಮಸ್ಕಾರ.