ಚಕ್ರವಿಲ್ಲದ ತೇರು: ಬ್ರೂಕ್ಲಿನ್‌ಗೆ ಬಂದ ನೋಲದ ಸಂತ

[ದೃಶ್ಯ: ಕಿರಿದಾದ ಬೀದಿ, ಜನಜಂಗುಳಿ, ನಡುವೆ ಬಣ್ಣದ ಗೋಪುರ]

ಇದು ನ್ಯೂಯಾರ್ಕ್, ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್. ಜುಲೈ ತಿಂಗಳ ಸೆಕೆ. ಈ ಗೋಪುರ ಸುಮಾರು 80 ಅಡಿ ಎತ್ತರ, 4 ಟನ್ ತೂಕ. ಸಾಲದ್ದಕ್ಕೆ ಬುಡದಲ್ಲಿ ಬ್ಯಾಂಡಿನವರೂ ಹತ್ತಿದ್ದಾರೆ! ಚಕ್ರ ಹುಡುಕಬೇಡಿ, ಇಲ್ಲ. ನೂರಕ್ಕೂ ಜಾಸ್ತಿ ಗಂಡಸರು ಹೆಗಲು ಕೊಟ್ಟು ಎತ್ತಬೇಕು.

ಇದರ ಹೆಸರು ಜೀಲ್ಯೊ. ಅಂದರೆ ಲಿಲ್ಲಿ ಹೂವು. ಇಷ್ಟು ದೊಡ್ಡ ಗೋಪುರಕ್ಕೆ ಹೂವಿನ ಹೆಸರಾ?

[ದೃಶ್ಯ: ನಕ್ಷೆಯಲ್ಲಿ ನೇಪಲ್ಸ್, ಪಕ್ಕದಲ್ಲಿ ನೋಲ]

ಐದನೇ ಶತಮಾನದ ಕಥೆ. ಇಟಲಿಯ ನೇಪಲ್ಸ್ ಪಕ್ಕದ ನೋಲ ಊರಿಗೆ ನುಗ್ಗಿದ ದಾಳಿಕೋರರು ಜನರನ್ನು ಗುಲಾಮರಾಗಿ ಎಳೆದುಕೊಂಡು ಹೋದರಂತೆ. ಅದರಲ್ಲಿ ಒಬ್ಬ ವಿಧವೆಯ ಮಗನೂ ಇದ್ದ. ಊರಿನ ಬಿಷಪ್ ಪಾವೊಲಿನೊ, ಮುಂದೆ ಸಂತರೆನಿಸಿದವರು, ಅವನನ್ನು ಬಿಡಿಸಿ, ಅವನ ಬದಲು ತಾವೇ ಗುಲಾಮರಾಗಿ ಹೋದರು. ಮುಂದೆ ಊರವರ ಜೊತೆ ಬಿಡುಗಡೆಯಾಗಿ ಬಂದಾಗ ಜನ ಲಿಲ್ಲಿ ಹೂವು ಹಿಡಿದು ಎದುರುಗೊಂಡರು. ಆ ಹೂವೇ ವರ್ಷ ಕಳೆದಂತೆ ಬೆಳೆದು ಗೋಪುರವಾಯಿತು.

ಹೊಟ್ಟೆಪಾಡಿಗೆ ಅಮೆರಿಕಕ್ಕೆ ಬಂದ ನೋಲದವರು 1903ರಲ್ಲಿ ಇಲ್ಲಿ ಜೀಲ್ಯೊ ಎತ್ತಿದರು.

ಇಟಲಿ ಒಂದು ದೇಶವಾಗಿದ್ದೇ 1861ರಲ್ಲಿ. ಹಾಗಾಗಿ ಈ ಜನರಿಗೆ ದೇಶಕ್ಕಿಂತ ಊರು ದೊಡ್ಡದು. ‘ಪಾಯೆಸಾನೊ’ ಅಂದರೆ ನಮ್ಮೂರವನು. ಒಂದೊಂದು ಊರಿನವರದೂ ಒಂದೊಂದು ಸಂಘ, ಅದಕ್ಕೊಬ್ಬ ಸಂತ. ಆದರೆ ಸಂಘದ ಕೆಲಸ ಬರೀ ಹಬ್ಬ ಮಾಡುವುದಲ್ಲ. ಇಂಥ ಎಷ್ಟೋ ಸಂಘಗಳ ಹೆಸರಿನಲ್ಲೇ ‘ಮುತುವೊ ಸೊಕೊರ್ಸೊ’ ಅಂತ ಇರುತ್ತಿತ್ತು, ಅಂದರೆ ಒಬ್ಬರಿಗೊಬ್ಬರ ನೆರವು. ತಿಂಗಳು ತಿಂಗಳು ಚಂದಾ ಕಟ್ಟಬೇಕು. ಕಾಯಿಲೆ ಬಿದ್ದು ಕೂಲಿ ತಪ್ಪಿದರೆ ಒಂದಿಷ್ಟು ಹಣ ಬರುತ್ತದೆ. ಸತ್ತರೆ ಮಣ್ಣಿನ ಖರ್ಚು ಸಂಘದ್ದು, ಹೆಣದ ಹಿಂದೆ ನಡೆಯುವವರೂ ಸಂಘದವರೇ. ಪರದೇಶದಲ್ಲಿ ಅನಾಥ ಹೆಣವಾಗುವ ಭಯ ಸಣ್ಣದಲ್ಲ, ಅಲ್ವಾ? ನನ್ನನ್ನು ಕೇಳಿದರೆ, ಗೋಪುರಕ್ಕಿಂತ ಗಟ್ಟಿ ಇದ್ದಿದ್ದು ಈ ಲೆಕ್ಕದ ಪುಸ್ತಕ.

[ದೃಶ್ಯ: ಚರ್ಚಿನ ನೆಲಮಾಳಿಗೆಯ ಮೆಟ್ಟಿಲು]

ಚರ್ಚಿನವರಿಗೆ ಇವರ ಬೀದಿ ಮೆರವಣಿಗೆ ಅಷ್ಟಾಗಿ ಹಿಡಿಸಲಿಲ್ಲ. ಆಗ ಅಲ್ಲಿ ಐರಿಷ್ ಪಾದ್ರಿಗಳದೇ ಕಾರುಬಾರು. ಅದೇ ನಗರದ ಈಸ್ಟ್ ಹಾರ್ಲೆಮ್‌ನಲ್ಲಿ ಇಟಲಿಯ ಪೊಲ್ಲ ಊರಿನವರು ಕಾರ್ಮೆಲ್ ಮಾತೆಯ, ಅಂದರೆ ಮೇರಿ ಮಾತೆಯ ಹಬ್ಬ ಶುರು ಮಾಡಿದ್ದರು. ಚರ್ಚ್ ಕಟ್ಟುವಾಗ ಇಟಲಿಯವರು ದಿನದ ಕೂಲಿ ಮುಗಿಸಿ ಬಂದು ಪಾಯ ಅಗೆದರು. ಪೂಜೆಗೆ ಮಾತ್ರ ಅವರಿಗೆ ಸಿಕ್ಕಿದ್ದು ನೆಲಮಾಳಿಗೆ! ಅದೂ ವರ್ಷಗಟ್ಟಲೆ.

[ದೃಶ್ಯ: ಮತ್ತೆ ವಿಲಿಯಮ್ಸ್‌ಬರ್ಗ್]

ಈಗ ಇಲ್ಲಿ ಮನೆ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಹಳೇ ಮನೆತನದವರು ಎಷ್ಟೋ ಜನ ಲಾಂಗ್ ಐಲ್ಯಾಂಡ್, ನ್ಯೂಜೆರ್ಸಿ ಕಡೆ ಹೋಗಿದ್ದಾರೆ. ಜುಲೈ ಬಂತೆಂದರೆ ಕಾರು ಹತ್ತಿ ವಾಪಸ್.

ಮುಂದೆ ನಿಂತ ‘ಕಾಪೊ’, ಅಂದರೆ ಮುಖಂಡ, ಕೈಯಲ್ಲಿನ ಕೋಲು ಎತ್ತಿ ಕೂಗುತ್ತಾನೆ. ಬ್ಯಾಂಡ್ ಶುರುವಾಗುತ್ತದೆ. ಬಗ್ಗಿದ ಮೊಣಕಾಲುಗಳೆಲ್ಲ ಒಟ್ಟಿಗೆ ನೆಟ್ಟಗಾಗುತ್ತವೆ, ಗೋಪುರ ನೆಲ ಬಿಡುತ್ತದೆ. ವರ್ಷಗಳಿಂದ ಎತ್ತುತ್ತಾ ಬಂದವರ ಹೆಗಲ ಮೇಲೆ ಒಂದು ಗಂಟು ಎದ್ದಿರುತ್ತದೆ. ಅದನ್ನು ಮುಚ್ಚಿಡುವುದಿಲ್ಲ, ಅಂಗಿ ಸರಿಸಿ ತೋರಿಸುತ್ತಾರೆ.