ಬ್ರಾಡ್‌ವೇ ಕಾಮಿಡಿ ನೋಡೋಕೆ ನ್ಯೂಯಾರ್ಕೇ ಆಗಬೇಕಾ?

ನಮಸ್ಕಾರ. ಊರಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬಂದರೆ ನಮ್ಮವರೆಲ್ಲ ಮಾಡುವುದು ಹೆಚ್ಚುಕಮ್ಮಿ ಒಂದೇ. ನಯಾಗರ ತೋರಿಸುತ್ತೇವೆ, ಟೈಮ್ಸ್ ಸ್ಕ್ವೇರ್‌ನಲ್ಲಿ ಫೋಟೋ ತೆಗೆಯುತ್ತೇವೆ, ಜೇಬು ಸ್ವಲ್ಪ ಗಟ್ಟಿ ಇದ್ದರೆ ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ನಾಟಕ ಥಿಯೇಟರ್‌ಗಳಿರುವ ಕಡೆ, ಒಂದು ಮ್ಯೂಸಿಕಲ್‌ಗೂ (ಹಾಡು ಕುಣಿತದ ನಾಟಕ) ಕರೆದುಕೊಂಡು ಹೋಗುತ್ತೇವೆ. ತಪ್ಪೇನಿಲ್ಲ. ಆದರೆ ನಗಿಸುವ ಮ್ಯೂಸಿಕಲ್ ನೋಡಬೇಕು ಅಂತಿದ್ದರೆ ನನ್ನ ಮಾತು ಕೇಳಿ, ನ್ಯೂಯಾರ್ಕ್ ಬಿಡಿ. ಅದೇ ನಾಟಕವನ್ನು ಸಣ್ಣ ಊರಿನ ಒಳ್ಳೆಯ ಕಂಪನಿಯೊಂದು ಆಡುವಾಗ ಹೋಗಿ ನೋಡಿ. "ಅಯ್ಯೋ, ಒರಿಜಿನಲ್ ಬಿಟ್ಟು ಜೆರಾಕ್ಸ್ ನೋಡಬೇಕಾ" ಅನ್ನುವವರು ಇದ್ದಾರೆ. ಆ ಜೆರಾಕ್ಸ್ ಅನ್ನುವ ಮಾತಿನ ಮೇಲೇ ಇವತ್ತು ನನ್ನ ಜಗಳ.

ಸುಮ್ನೆ ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕನೆಕ್ಟಿಕಟ್ ರಾಜ್ಯದಲ್ಲಿ ಈಸ್ಟ್ ಹ್ಯಾಡಮ್ ಅಂತ ಒಂದು ಸಣ್ಣ ಊರು. ನದಿ ದಡದಲ್ಲೇ ಎತ್ತರಕ್ಕೆ ನಿಂತಿರುವ ಬಿಳಿ ಕಟ್ಟಡ ಗುಡ್‌ಸ್ಪೀಡ್ ಆಪೆರಾ ಹೌಸ್. 1876ರಲ್ಲಿ ವಿಲಿಯಂ ಗುಡ್‌ಸ್ಪೀಡ್ ಅನ್ನುವ ವ್ಯಾಪಾರಿ ಕಟ್ಟಿಸಿದ್ದು. ಮುಂದೆ ನಾಟಕ ನಿಂತುಹೋಗಿ, ರಸ್ತೆ ಇಲಾಖೆಯವರು ಸಾಮಾನು ಇಡುವ ಜಾಗ ಆಗಿ, ಕೊನೆಗೆ ಕೆಡವುವ ಮಾತೂ ಬಂದಿತ್ತು. ಊರಿನವರು ಬಿಡಲಿಲ್ಲ. 1963ರಲ್ಲಿ ಮತ್ತೆ ಪರದೆ ಎದ್ದಿತು. ಸೀಟು ಎಷ್ಟು ಗೊತ್ತಾ? 398. ಅಷ್ಟೇ.

2018ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅಲ್ಲಿ ಹಂಟರ್ ಫಾಸ್ಟರ್ ನಿರ್ದೇಶನದಲ್ಲಿ 'ದ ಡ್ರೌಸಿ ಶಾಪರೋನ್' (ತೂಕಡಿಸುವ ಕಾವಲು ಸಖಿ ಅಂತ ಅರ್ಥ) ಅನ್ನುವ ನಗೆ ಮ್ಯೂಸಿಕಲ್ ಆಡಿದರು. ಬ್ರಾಡ್‌ವೇಯಲ್ಲಿ ಇದು 2006ರ ಮೇ 1ಕ್ಕೆ ಶುರುವಾಗಿ 674 ಪ್ರದರ್ಶನ ಕಂಡ ನಾಟಕ. ಬ್ರಾಡ್‌ವೇ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಟೋನಿ, ಅದು ಐದು ಬಂದಿತ್ತು. ಅಲ್ಲಿ ಆಡಿದ್ದು ಮಾರ್ಕ್ವಿಸ್ ಥಿಯೇಟರ್‌ನಲ್ಲಿ, ಟೈಮ್ಸ್ ಸ್ಕ್ವೇರ್‌ನ ದೊಡ್ಡ ಹೋಟೆಲಿನ ಒಳಗೆ, ಸುಮಾರು 1,600 ಸೀಟು.

ಈಗ ಈ ನಾಟಕ ಹುಟ್ಟಿದ್ದು ಎಲ್ಲಿ ಹೇಳಿ? ಟೊರೊಂಟೊದಲ್ಲಿ. ಬಾಬ್ ಮಾರ್ಟಿನ್ ಅನ್ನುವ ನಟನಿಗೆ ಮದುವೆ ಗೊತ್ತಾಗಿತ್ತು, ಮದುವೆಗೆ ಮುಂಚಿನ ಪಾರ್ಟಿಗೆ ಗೆಳೆಯರು ಸೇರಿಕೊಂಡು 1920ರ ದಶಕದ ಮ್ಯೂಸಿಕಲ್‌ಗಳನ್ನು ಗೇಲಿ ಮಾಡುವ ಒಂದು ಪ್ರಹಸನ ಮಾಡಿದರು. ನಾಟಕದ ಮದುಮಗಳ ಹೆಸರು ಜ್ಯಾನೆಟ್ ವ್ಯಾನ್ ಡಿ ಗ್ರಾಫ್, ಮಾರ್ಟಿನ್ ಮದುವೆಯಾಗಲಿದ್ದ ಹುಡುಗಿಯ ಹೆಸರೂ ಅದೇ! ಅದು ಬೆಳೆದು 1999ರಲ್ಲಿ ಟೊರೊಂಟೊದ ಫ್ರಿಂಜ್ ಉತ್ಸವಕ್ಕೆ ಹೋಯಿತು, ಆಮೇಲೆ ದೊಡ್ಡ ಥಿಯೇಟರ್, ಆಮೇಲೆ ಬ್ರಾಡ್‌ವೇ. ಅಂದರೆ ನಾಲ್ಕು ಜನ ಗೆಳೆಯರ ಮುಂದೆ ಆಡಿದ ತಮಾಷೆಗೆ 1,600 ಸೀಟು ಬಂದದ್ದು ತುಂಬಾ ಆಮೇಲೆ.

ಕಥೆಯೂ ಹಾಗೇ, ಒಂದು ಕೋಣೆಯ ಕಥೆ. ಮೊದಲಿಗೆ ಪೂರ್ತಿ ಕತ್ತಲು. ಕತ್ತಲಲ್ಲಿ ಒಬ್ಬ ಗೊಣಗುತ್ತಾನೆ, ದೇವರೇ ಇವತ್ತಿನ ನಾಟಕವಾದರೂ ಬೇಗ ಮುಗಿಯಲಿ, ನಟರು ಕೆಳಗಿಳಿದು ನಮ್ಮ ಹತ್ತಿರ ಬರದಿರಲಿ ಅಂತ. ಲೈಟ್ ಬಂದರೆ ಕುರ್ಚಿಯ ಮೇಲೆ ಕೂತಿರುವ ಒಂಟಿ ಮನುಷ್ಯ. ಅವನಿಗೆ ಹೆಸರೇ ಇಲ್ಲ. ಮನಸ್ಸು ಸರಿ ಇಲ್ಲ, ಅದಕ್ಕೆ ತನಗೆ ಇಷ್ಟವಾದ 1928ರ ಮ್ಯೂಸಿಕಲ್ ಒಂದರ ರೆಕಾರ್ಡ್ ಹಾಕುತ್ತಾನೆ. ಹಾಡು ಶುರುವಾದಂತೆ ಅವನ ಮನೆಯೊಳಗೇ ಆ ನಾಟಕ ಎದ್ದು ನಿಲ್ಲುತ್ತದೆ. ಮದುವೆ ಮನೆ, ಕುಡುಕಿ ಸಖಿ, ಗೂಂಡಾಗಳು, ಎಲ್ಲರೂ ಅವನ ಅಡುಗೆಮನೆ ಮಧ್ಯೆ ಕುಣಿಯುತ್ತಾರೆ. ಇವನು ನಡುನಡುವೆ ರೆಕಾರ್ಡ್ ನಿಲ್ಲಿಸಿ ನಮಗೆ ವಿವರಣೆ ಕೊಡುತ್ತಾನೆ, ಈ ನಟಿ ಆಮೇಲೆ ಏನಾದಳು, ಆ ನಟ ಹೇಗೆ ಸತ್ತ ಅಂತ.

ಇದರಲ್ಲಿ ಒಂದು ಜಾಗ ಇದೆ. ಎಲ್ಲರೂ ಜೋರಾಗಿ ಕುಣಿಯುತ್ತಿರುವಾಗ ರೆಕಾರ್ಡಿನ ಮುಳ್ಳು ಒಂದು ಗೆರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಸಾಲು, ಅದೇ ಸಾಲು, ಅದೇ ಸಾಲು. ವೇದಿಕೆ ಮೇಲಿನ ಇಡೀ ಗುಂಪು ಅದೇ ಅರ್ಧ ಹೆಜ್ಜೆ, ಅದೇ ಕೈ, ಅದೇ ಕತ್ತು ತಿರುಗಿಸುವುದನ್ನು ಮತ್ತೆ ಮತ್ತೆ ಮಾಡುತ್ತದೆ, ಅವನು ಬಂದು ಪ್ಲೇಯರ್ ಸರಿ ಮಾಡುವವರೆಗೆ. ನಮ್ಮ ಕಂಪನಿ ನಾಟಕದಲ್ಲಿ ಜನ "ಒನ್ಸ್ ಮೋರ್" ಅಂತ ಕೂಗಿದರೆ ನಟ ಎರಡನೇ ಸಲಕ್ಕೆ ಇನ್ನೊಂದು ಆಲಾಪ ಸೇರಿಸಿ ಹಾಡುತ್ತಿದ್ದ. ಇಲ್ಲಿ ಪೂರ್ತಿ ಉಲ್ಟಾ. ಎರಡನೇ ಸಲ, ಐದನೇ ಸಲ, ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಇದ್ದರೆ ನಗು ಸತ್ತುಹೋಯಿತು. ಬರೀ ಕಾಲು ನೋಡಿದರೆ ಆಗಲ್ಲ, ಮುಖ ಕಾಣಬೇಕು. ಉಸಿರು ಕಟ್ಟುತ್ತಿದ್ದರೂ ಹಲ್ಲು ಕಿರಿದ ನಗು ಹಾಗೇ ನಿಂತಿರಬೇಕು, ನೀವು ಅದನ್ನು ನೋಡಬೇಕು. ಮಾರ್ಕ್ವಿಸ್‌ನ ಮೇಲಿನ ಕೊನೆ ಸಾಲಿನಿಂದ ಏನು ಕಾಣುತ್ತದೆ? ವಿಗ್ ಕಾಣುತ್ತದೆ.

ಇನ್ನೊಂದು ದೃಶ್ಯದಲ್ಲಿ ಮನೆಯೊಡತಿ ಮತ್ತು ಅವಳ ಬಟ್ಲರ್. ಅಮೆರಿಕದಲ್ಲಿ ಸಾರಾಯಿ ನಿಷೇಧ ಇದ್ದ ಕಾಲ, ಆದ್ದರಿಂದ "ತಣ್ಣೀರು" ಅಂದರೆ ವೋಡ್ಕಾ. ಆಯಮ್ಮ ಬಾಯಿ ತುಂಬಾ ತಣ್ಣೀರು ತುಂಬಿಕೊಳ್ಳುತ್ತಾಳೆ, ಆಶ್ಚರ್ಯದ ಮಾತು ಕೇಳುತ್ತಾಳೆ, ಪಿಚಕ್ ಅಂತ ಅವನ ಮುಖಕ್ಕೆ. ಮತ್ತೆ. ಮತ್ತೆ. ಅವನು ಕಣ್ಣು ಮಿಟುಕಿಸದೆ ನಿಂತಿರುತ್ತಾನೆ. ಜೋಕ್ ಏನೂ ಹೊಸದಲ್ಲ, ಕುರ್ಚಿ ಮೇಲಿನವನೇ ಅದನ್ನು ಒಪ್ಪಿಕೊಳ್ಳುತ್ತಾನೆ. ಮೂರನೇ ಸಲ ಯಾರೂ ನಗಲ್ಲ, ಐದನೇ ಸಲಕ್ಕೆ ತಡೆದುಕೊಳ್ಳೋಕಾಗಲ್ಲ. ಯಾವಾಗ ಉಗುಳಬೇಕು ಅನ್ನುವುದನ್ನು ಆ ನಟಿ ಕಲಿಯುವುದು ಎದುರು ಕೂತ ಜನರಿಂದ. ಸಭೆ ಚಿಕ್ಕದಿದ್ದರೆ ಜನರ ನಗು ಅವಳಿಗೆ ಬೇಗ ತಲುಪುತ್ತದೆ, ಅವಳ ಉತ್ತರ ಜನರಿಗೆ ಬೇಗ ತಲುಪುತ್ತದೆ.

ಈಗ ಜೆರಾಕ್ಸ್ ವಿಷಯ. ಪ್ರಾದೇಶಿಕ ಥಿಯೇಟರ್ ಒಂದು ಬ್ರಾಡ್‌ವೇ ನಾಟಕದ ಹಕ್ಕು ತೆಗೆದುಕೊಂಡರೆ ಕೈಗೆ ಸಿಗುವುದು ಏನು? ಈ ನಾಟಕದ ಹಕ್ಕು ಎಂಟಿಐ ಅನ್ನುವ ಸಂಸ್ಥೆ ಹತ್ತಿರ ಇದೆ. ಅವರು ಕೊಡುವುದು ಮಾತು, ಹಾಡು, ಸ್ವರಲಿಪಿ. ಅನುಮತಿ ಇಲ್ಲದೆ ಒಂದು ಸಾಲನ್ನೂ ಬದಲಿಸುವಂತಿಲ್ಲ, ಅದರಲ್ಲಿ ಬಹಳ ಕಟ್ಟುನಿಟ್ಟು. ಆದರೆ ಬ್ರಾಡ್‌ವೇಯವರ ನಿರ್ದೇಶನ, ಅವರ ನೃತ್ಯ, ಅವರ ಸೆಟ್ಟು, ಅವರ ಬಟ್ಟೆ, ಇದು ಯಾವುದೂ ಅದರ ಜೊತೆ ಬರುವುದಿಲ್ಲ. ಸುಮ್ನೆ ನೋಡಿಕೊಂಡು ಹಾಗೇ ಇಳಿಸಿದರೆ ಕಾನೂನಿನ ತೊಂದರೆ. ಹಾಗಾಗಿ ತಾಲೀಮಿನ ಮೊದಲ ದಿನ ಅವರ ಕೈಯಲ್ಲಿ ಇರುವುದು ಪುಸ್ತಕ ಮತ್ತು ಪಿಯಾನೋ. ಮುಳ್ಳು ಸಿಕ್ಕಿಕೊಂಡಾಗ ಯಾವ ಹೆಜ್ಜೆ ಅನ್ನುವುದನ್ನು ಮೊದಲಿಂದ ಹುಡುಕಬೇಕು. ಬ್ರಾಡ್‌ವೇಯಲ್ಲಿ ಪಾತ್ರಗಳು ಫ್ರಿಜ್ ಬಾಗಿಲು ತೆಗೆದುಕೊಂಡು ಒಳಗೆ ಬರುತ್ತಿದ್ದವು, ಆ ಸೆಟ್ಟಿಗೆ ಟೋನಿಯೂ ಬಂತು. ಗುಡ್‌ಸ್ಪೀಡ್‌ನಂಥ ಇಕ್ಕಟ್ಟಾದ ವೇದಿಕೆಯಲ್ಲಿ, ಪಕ್ಕದಲ್ಲಿ ಜಾಗವೇ ಇಲ್ಲದ ಕಡೆ, ಇಡೀ ಮದುವೆ ಮನೆಯನ್ನು ಎಲ್ಲಿ ಬಚ್ಚಿಡುತ್ತೀರಿ? ಅದಕ್ಕೆ ತಲೆ ಓಡಿಸಲೇಬೇಕು. ಇದನ್ನು ನಕಲು ಅನ್ನುವವರು ತಾಲೀಮು ನೋಡಿಲ್ಲ, ಅಷ್ಟೇ.

ಇನ್ನೊಂದು. ಯಾರು ಯಾರನ್ನು ನೋಡಿ ಕಲಿತರು ಅನ್ನುವುದೂ ನಾವು ಅಂದುಕೊಂಡ ಹಾಗಿಲ್ಲ. 'ಆ್ಯನಿ' ಗೊತ್ತಲ್ವಾ, ಕೆಂಪು ಕೂದಲಿನ ಅನಾಥ ಹುಡುಗಿಯ ಮ್ಯೂಸಿಕಲ್? ಅದು ಮೊದಲು ಆಡಿದ್ದು 1976ರ ಆಗಸ್ಟಿನಲ್ಲಿ, ಇದೇ ಗುಡ್‌ಸ್ಪೀಡ್‌ನಲ್ಲಿ. ಮೊದಲು ಆ್ಯನಿ ಮಾಡಿದ ಹುಡುಗಿ ಆ ಪಾತ್ರಕ್ಕೆ ತೀರಾ ಸೌಮ್ಯ ಅನ್ನಿಸಿತು. ಪ್ರದರ್ಶನಗಳು ನಡೆಯುತ್ತಿರುವಾಗಲೇ, ಅನಾಥಾಲಯದ ಜಗಳಗಂಟಿ ಹುಡುಗಿಯ ಪಾತ್ರ ಮಾಡುತ್ತಿದ್ದ ಆಂಡ್ರಿಯಾ ಮೆಕಾರ್ಡಲ್‌ಗೆ ಆ್ಯನಿ ಪಾತ್ರ ಕೊಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ಬ್ರಾಡ್‌ವೇ, 2,377 ಪ್ರದರ್ಶನ. ಆ ಬದಲಾವಣೆ ಆಗಿದ್ದು ಎಲ್ಲಿ? ನದಿ ದಡದ ಆ 398 ಸೀಟಿನ ಮುಂದೆ.

ಎಲ್ಲಾ ಹೊಗಳಿಕೆ ಅಂದುಕೊಳ್ಳಬೇಡಿ, ನನ್ನ ತಕರಾರೂ ಇದೆ. 'ಡ್ರೌಸಿ'ಯ ನಡುವೆ ಆ ಕುರ್ಚಿಯ ಮನುಷ್ಯ ತಪ್ಪು ರೆಕಾರ್ಡ್ ಹಾಕಿಬಿಡುತ್ತಾನೆ. ಇದ್ದಕ್ಕಿದ್ದಂತೆ ಚೀನಾದ ಅರಮನೆ, ಹಳೇ ಅಮೆರಿಕದವರು ಪೂರ್ವದ ಜನರನ್ನು ತೋರಿಸುತ್ತಿದ್ದ ಆ ಅಗ್ಗದ ಶೈಲಿ. ಗೇಲಿ ಮಾಡುತ್ತಿರುವುದು ಆ ಶೈಲಿಯನ್ನೇ ಅಂತ ಗೊತ್ತು. ಆದರೂ ಸಭೆಯಲ್ಲಿ ಕೂತ ಏಷ್ಯಾದವರಿಗೆ, ನಮಗೂ ಸೇರಿಸಿ, ಪಕ್ಕದವರು ಯಾವುದಕ್ಕೆ ನಗುತ್ತಿದ್ದಾರೆ ಅನ್ನುವ ಅನುಮಾನ ಬಂದೇ ಬರುತ್ತದೆ. ಹೊಸದಾಗಿ ಆಡಿಸುವ ನಿರ್ದೇಶಕ ಇಲ್ಲಿ ತಲೆ ಕೆಡಿಸಿಕೊಳ್ಳದಿದ್ದರೆ ನನ್ನ ಮಟ್ಟಿಗೆ ಅದು ಸೋಮಾರಿತನ.

ಮತ್ತೆ ಈ ಥಿಯೇಟರ್‌ಗಳು ಹೆಸರಾದ ನಾಟಕಗಳನ್ನೇ ತಿರುಗಿಸಿ ಮುರುಗಿಸಿ ಆಡುತ್ತವೆ ಅನ್ನುವ ದೂರು. ನಿಜ. ವರ್ಷದ ಚಂದಾ ಕಟ್ಟುವವರಿಗೆ ಗೊತ್ತಿರುವ ಹೆಸರು ಬೇಕು. ಆದರೆ ಆ ಟಿಕೆಟ್ ದುಡ್ಡು ಇಲ್ಲದೆ ಹೊಸದನ್ನು ಆಡಿಸುವುದು ಹೇಗೆ? ಗುಡ್‌ಸ್ಪೀಡ್‌ನವರು ಪಕ್ಕದ ಚೆಸ್ಟರ್‌ನಲ್ಲಿ ಹೊಸ ಮ್ಯೂಸಿಕಲ್‌ಗಳಿಗೆ ಅಂತಲೇ ಬೇರೆ ಸಣ್ಣ ಥಿಯೇಟರ್ ಮಾಡಿದರು. ಹಾಗೆ ಮಾಡುವವರು ಮೂರು ಹಳೇ ಹಿಟ್ ಆಡಲಿ ಬಿಡಿ, ನಾನು ಟಿಕೆಟ್ ತೆಗೆದುಕೊಳ್ಳುತ್ತೇನೆ. ಬರೀ ಹಿಟ್ ಆಡಿಕೊಂಡು ಕೂರುವ ಕಂಪನಿಗಳ ಪರವಾಗಿ ನಾನು ವಾದ ಮಾಡಲ್ಲ.

ಈಸ್ಟ್ ಹ್ಯಾಡಮ್‌ಗೆ ಹೋಗುವವರಿಗೆ ಒಂದು ಮಾತು. ಥಿಯೇಟರ್ ಪಕ್ಕದಲ್ಲೇ ನದಿಗೆ ಅಡ್ಡ ಹಳೇ ತಿರುಗುವ ಸೇತುವೆ ಇದೆ. ಎತ್ತರದ ದೋಣಿ ಬಂದರೆ ಸೇತುವೆ ಪಕ್ಕಕ್ಕೆ ತಿರುಗುತ್ತದೆ, ಕಾರುಗಳೆಲ್ಲ ಸಾಲಾಗಿ ನಿಲ್ಲಬೇಕು. 'ಡ್ರೌಸಿ'ಯಂಥ ನಾಟಕಕ್ಕೆ ಇಂಟರ್ವಲ್ಲೇ ಇಲ್ಲ, ಕತ್ತಲಲ್ಲಿ ಗೊಣಗುವುದು ತಪ್ಪಿದರೆ ತಪ್ಪಿತು. ಸ್ವಲ್ಪ ಮುಂಚೆಯೇ ಹೊರಡಿ.